ಬಲತೊಡೆಯ ಗೆರೆ

ಶಣ್ಮುಗಂ ಹೆಣದ ಪಂಚೆಯನ್ನು ಮೊಣಕಾಲಿನಿಂದ ಮೇಲಕ್ಕೆ ಸರಿಸಿ, ತಂಬಿಗೆ ಎತ್ತಿದವನು ಹಾಗೇ ಕೈ ತಡೆದ. ಮಾವ ಚೆನ್ನಕೇಶವನ್ ಅವರ ಬಲತೊಡೆಯ ಮೇಲೆ ಗಾಯದ ಗೆರೆಯೊಂದು ಬೆಳ್ಳಗೆ ಕಾಣುತ್ತಿತ್ತು.

"ಇದೇ ನೋಡ್ರಿ, ನಮ್ಮ ವಿಜಿ ಕೊಯ್ಸಿ ವಾಸಿ ಮಾಡಿದ್ದು," ಎಂದಳು ಶಣ್ಮುಗಂನ ತಾಯಿ ಪಳನಿಯಮ್ಮ, ಅಳು ನಿಲ್ಲಿಸಿ. "ನಮ್ಮಣ್ಣ ಇದನ್ನ ತೋರಿಸ್ದೆ ಇರೋ ಆಳೇ ಇಲ್ಲ."

ಅದು ನಿಜ. ತಮ್ಮೂರು ತುಡಿಯಲೂರಿನ ಟೀ ಅಂಗಡಿಯಲ್ಲಿ, ನೂಲಿನ ಅಂಗಡಿಯಲ್ಲಿ, ಒಮ್ಮೆ ಓಡುವ ಬಸ್ಸಿನಲ್ಲಿ ಕಂಡಕ್ಟರನಿಗೂ ಪಂಚೆ ಎತ್ತಿ ತೋರಿಸಿದ್ದ ಮಹಾರಾಯ. ಟಿಕೆಟ್ಟಿಗಿಂತ ಮೊದಲು ತೊಡೆ.

ಅಂಗಳದ ಬೆಂಚಿನ ಮೇಲೆ ಕೂರಿಸಿದ್ದ ಹೆಣದ ತಲೆಗೆ ಹತ್ತಿರದವರು ಒಬ್ಬೊಬ್ಬರಾಗಿ ಎಣ್ಣೆಯನ್ನೂ ತಲೆ ತೊಳೆಯುವ ಅರಪ್ಪು ಸೊಪ್ಪಿನ ಹಸಿರು ಹಿಟ್ಟನ್ನೂ ಹಚ್ಚುತ್ತಿದ್ದರು. ಮುಂದಿನ ಸರದಿ ಮಗಳದು. ಅರಪ್ಪು ಕಲಸಿದ ಬಟ್ಟಲು ಹಿಡಿದು ನಿಂತಿದ್ದ ವಿಜಯಕುಮಾರಿ ಅದನ್ನೇ ಮತ್ತೆ ಮತ್ತೆ ಕಲಸಿದಳು.

* * *

ಹಿಂದಿನ ವರ್ಷ, ಎಂಬತ್ತೇಳರಲ್ಲಿ, ಅವಳು ಕೊಯಮತ್ತೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಕೂತಿದ್ದಳು. ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹಾದುಹೋಗಲು ಬಾಗಿಲಿನಂಥ ಒಂದು ಪ್ರೋಟೀನ್ ಇದೆ. ಮೊಲದ ರಕ್ತದಿಂದ ತೆಗೆದ ಪ್ರತಿಕಾಯ ಅದೊಂದನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿದ ಕಡೆ, ಸ್ನಾಯುವಿನ ರಸ ಇಳಿಸಿದ ಬಿಳಿ ಹಾಳೆಯ ಮೇಲೆ ಕಂದು ಪಟ್ಟಿ ಮೂಡುತ್ತದೆ. ಕೈಕಾಲು ಸೋತ ರೋಗಿಗಳ ಸ್ನಾಯುವಿನಲ್ಲಿ ಆ ಪಟ್ಟಿ ಮಸುಕಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಹೋಲಿಸಿ ನೋಡಲು ಪಕ್ಕದಲ್ಲಿ ಆರೋಗ್ಯವಂತರ ಸ್ನಾಯುವೂ ಬೇಕು. ಚೆನ್ನಾಗಿರುವ ಕಾಲನ್ನು ಯಾರು ಕೊಯ್ಯಿಸಿಕೊಳ್ಳುತ್ತಾರೆ?

ಆಗ ಅವಳಿಗೆ ಅಪ್ಪ ನೆನಪಾದ. ಗುಳಿಮಗ್ಗ ತುಳಿದು ಸಂಜೆ ಹೊತ್ತಿಗೆ ಬಲಗಾಲು ನೋಯುತ್ತದೆ ಎನ್ನುತ್ತಿದ್ದ. ಅದು ದುಡಿದ ಕಾಲಿನ ನೋವೇ ಹೊರತು ರೋಗವಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ತೊಡೇಲಿ ಒಂದು ಚೂರು ತೆಗೆದ್ರೆ ನೋವು ಹೋಗುತ್ತಪ್ಪಾ," ಎಂದಿದ್ದಳು, ಅವನ ಮುಖ ನೋಡದೆ.

"ನೀನು ಹೇಳಿದ್ರೆ ಸರಿ, ಕಣ್ಣು," ಎಂದಿದ್ದ ಅಪ್ಪ, ಮುದ್ದಿನಿಂದ.

ಹೊಲಿಗೆ ಕೀವು ಕಟ್ಟಿತು. ಒಂದು ತಿಂಗಳು ಮಗ್ಗ ನಿಂತಿತು. ಹಾಳೆಯ ಮೇಲೆ ಅಪ್ಪನ ಪಟ್ಟಿ ಮಾತ್ರ ಅಚ್ಚುಕಟ್ಟಾಗಿ ಮೂಡಿತು, ಅವಳು ಹಿಗ್ಗಿ ಎಲ್ಲರನ್ನೂ ಕರೆದು ತೋರಿಸಿದಳು. ಅಪ್ಪನೂ ತೋರಿಸುತ್ತಿದ್ದ, ಅವನ ಪಾಡಿಗೆ ಅವನು, ಊರಿಗೆಲ್ಲ. "ನೋವು ಹೋಗೇ ಹೋಯ್ತು" ಎನ್ನುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಅವಳಿಗೆ ನಾಚಿಕೆಯಿಂದ ಮುಖ ಎತ್ತಲಾಗುತ್ತಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು. ನಿನ್ನೆ ಮಗ್ಗದ ಮುಂದೆ ಕೂತಲ್ಲೇ ಅಪ್ಪನ ಎದೆಬಡಿತ ನಿಂತುಹೋಯಿತು.

* * *

ಹಾರ ಹಿಡಿದು ಒಳಬಂದವರು ಪ್ರಯೋಗಾಲಯದ ಹಿರಿಯ ಡಾಕ್ಟರ್ ದೇವರಾಜನ್. ಮನೆಯವರಿಗೆ ಎಲ್ಲ ಗೊತ್ತು ಎಂದೇ ತಿಳಿದಿದ್ದ ಒಳ್ಳೆಯ ಮನುಷ್ಯ. ಹಾರ ಹಾಕಿ, ವಿಜಯಕುಮಾರಿಯ ತಾಯಿ ರಾಮಾತಾಳ್ ಎದುರು ಕೈಮುಗಿದು ಹೇಳಿದರು:

"ಇಂಥ ಮನಸ್ಸು ಯಾರಿಗಿರುತ್ತೆ ಅಮ್ಮಾ. ಯಾವ ಕಾಯಿಲೆಯೂ ಇಲ್ಲದ ಕಾಲು. ಮಗಳ ಸಂಶೋಧನೆಗೆ ಬೇಕು ಅಂತ ಕೊಯ್ಸಿ ಕೊಟ್ಟರು."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ವಿಜಯಕುಮಾರಿಗೆ.

"ಏನತ್ತಿಗೆ ಹೇಳ್ತಾರೆ ಡಾಕ್ಟ್ರು?" ಪಳನಿಯಮ್ಮ ಕೇಳಿದಳು. "ಕಾಯಿಲೆ ಇರ್ಲಿಲ್ವಂತಾ?"

ರಾಮಾತಾಳ್ ಮಗಳನ್ನು ನೋಡಿದಳು.

"ವಾಸಿ ಆಯ್ತಲ್ಲ, ಅದ್ನೇ ಹೇಳ್ತಾರೆ. ನೀನು ನೀರು ಹುಯ್ಯಿ ಶಣ್ಮುಗಂ, ಹೊತ್ತಾಯ್ತು."

ಎದ್ದು ಬಂದು ಮಗಳ ಕೈಯಿಂದ ಬಟ್ಟಲು ತೆಗೆದುಕೊಂಡಳು. ಅವಳಿಗಷ್ಟೇ ಕೇಳುವಂತೆ ಹೇಳಿದಳು: "ಕೊಯ್ಸಿದ ಮೇಲೂ ದಿನಾ ಸಂಜೆ ಆ ಕಾಲಿಗೆ ಎಣ್ಣೆ ತಿಕ್ಕಿದ್ದು ನಾನು. ನಿನ್ಗೆ ಹೇಳ್ಬೇಡ ಅಂದಿದ್ರು."

ತಲೆಗೆ ಹಚ್ಚಬೇಕಾದ ಅರಪ್ಪನ್ನು ಬೊಗಸೆ ತುಂಬ ತೆಗೆದು ಗಂಡನ ತೊಡೆಯ ಮೇಲೆ ಮೆತ್ತಿದಳು. ಗೆರೆ ಮುಚ್ಚುವವರೆಗೂ ಮೆತ್ತಿದಳು.

ಶಣ್ಮುಗಂ ನೀರು ಹುಯ್ದ. ಹಸಿರು ಕರಗಿ ಬೆಂಚಿನ ಕಾಲಿನಗುಂಟ ಇಳಿದು ಹೋಯಿತು. ತೊಳೆದ ತೊಡೆಯ ಮೇಲೆ ಗೆರೆ ಮೊದಲಿಗಿಂತ ಬೆಳ್ಳಗೆ ಎದ್ದು ಕಾಣುತ್ತಿತ್ತು.