ತಿಲ್ಲಾಬೂ ಕೊಟ್ಟ ಬೆಲೆ

ಬೀದಿಯ ಕೊನೆಯ ಮನೆಗೆ ಹೊಸಬರು ಬಂದು ಎರಡು ತಿಂಗಳಾಗುತ್ತಾ ಬಂದಿತ್ತು. ಆ ಮನೆಯ ಬಾಗಿಲು ಒಂದು ಗೇಣಿಗಿಂತ ಹೆಚ್ಚು ತೆರೆದದ್ದನ್ನು ಅಕ್ಕಪಕ್ಕದವರು ಯಾರೂ ನೋಡಿರಲಿಲ್ಲ. ಆ ಒಂದು ಗೇಣಿನಲ್ಲಿ ಕಾಣುತ್ತಿದ್ದದ್ದು ಒಂದೇ ಮುಖ. ಅದು ತಿಲ್ಲಾಬೂ ಅಜ್ಜಿಯದು.

ತಿಲ್ಲಾಬೂ ಹುಟ್ಟಿ ಬೆಳೆದದ್ದು ಗಡಿಯಾಚೆ, ಅಫ್ಘಾನಿಸ್ತಾನದ ಪಾಮಿರ್ ಬೆಟ್ಟಗಳ ಮೇಲೆ, ಗುಡಾರದಲ್ಲಿ. ಅಲ್ಲಿದ್ದ ಕಿರ್ಗಿಜ್ ಜನರನ್ನು ಈಚೆಯ ಕಿರ್ಗಿಜ್ ದೇಶದ ಸರ್ಕಾರ ‘ನೀವೂ ನಮ್ಮವರೇ, ಬನ್ನಿ’ ಎಂದು ಕರೆಸಿಕೊಂಡು ನರಿನ್ ಪಟ್ಟಣದ ಅಂಚಿನಲ್ಲಿ ಮನೆ ಕೊಟ್ಟಿತ್ತು. ಮಗ ಎರ್‌ಗಾಜಿ, ಸೊಸೆ ಗುಲ್‌ಬಾರಾ ಜೊತೆಗಿದ್ದರು. ಇಲ್ಲಿಯವರದೂ ಅದೇ ಮಾತು, ಅದೇ ನಮಾಜು, ಅದೇ ಉಪ್ಪು ಚಹಾ. ಆದರೂ ತಿಲ್ಲಾಬೂಗೆ ಯಾವುದರ ಮೇಲೂ ನಂಬಿಕೆ ಬರಲಿಲ್ಲ.

ಸರ್ಕಾರದ ಹಿಟ್ಟಿನ ಮೂಟೆ ಬಂದಾಗ ಮೊದಲ ರೊಟ್ಟಿಯನ್ನು ಬೀದಿ ನಾಯಿಗೆ ಹಾಕಿ, ಸಂಜೆಯವರೆಗೆ ಅದನ್ನೇ ನೋಡುತ್ತಾ ಕೂತಿದ್ದಳು. ನಾಯಿ ಸಾಯಲಿಲ್ಲ. ಮಾರನೆಯ ದಿನದಿಂದ ಅದು ಅವರ ಬಾಗಿಲು ಬಿಟ್ಟು ಕದಲಲೂ ಇಲ್ಲ. ಕಲ್ಲಿದ್ದಲು ಬಂದಾಗ ಒಂದೊಂದೇ ಹೆಂಟೆ ಎತ್ತಿ ಮೂಸಿದಳು. ಆಮೇಲೆ ಅದನ್ನು ತಂದಿದ್ದ ಹುಡುಗಿಯನ್ನು ಕೇಳಿದಳು:

“ಇದಕ್ಕೆ ಬೆಲೆ ಏನು?”

“ಬೆಲೆ ಇಲ್ಲ ಅಜ್ಜಿ. ಹೊಸದಾಗಿ ಬಂದವರಿಗೆ ಮೊದಲ ಚಳಿಗಾಲಕ್ಕೆ ಅಂತ ಕೊಡ್ತಾರೆ.”

ಆ ಹುಡುಗಿಯ ಹೆಸರು ಕನಿಶಾಯ್. ಹೊಸಬರ ನೆರವಿಗೆಂದು ಪಟ್ಟಣದಲ್ಲಿ ಇರುವ ಕಚೇರಿಯವಳು. ‘ಬೆಲೆ ಇಲ್ಲ’ ಎಂದು ಆಕೆ ನಕ್ಕಾಗ ತಿಲ್ಲಾಬೂ ಹೆಂಟೆಯನ್ನು ಮತ್ತೊಮ್ಮೆ ಮೂಸಿದಳು. ಆ ಮಾತನ್ನು ಆಕೆ ಹಿಂದೊಮ್ಮೆ ಕೇಳಿದ್ದಳು. ಕಣಿವೆ ದಾಟಿ ಬಂದ ವ್ಯಾಪಾರಿಯೊಬ್ಬ ಆಕೆಯ ಗಂಡನ ಕೆಮ್ಮಿಗೆಂದು ಒಂದು ಚೂರು ಅಫೀಮು ಕೊಟ್ಟು, ಹೀಗೇ ನಕ್ಕು, ಬೆಲೆ ಇಲ್ಲ ಎಂದಿದ್ದ. ಕೆಲವು ಚಳಿಗಾಲ ಕಳೆಯುವುದರಲ್ಲಿ ಅವರ ಯಾಕ್ ದನಗಳ ಹಿಂಡೆಲ್ಲ ಅಫೀಮಿನ ಸಾಲಕ್ಕೆ ಆ ವ್ಯಾಪಾರಿಯ ಹಿಂದೆ ಬೆಟ್ಟ ಇಳಿದು ಹೋಗಿತ್ತು.

ಕನಿಶಾಯ್ ವಾರ ವಾರವೂ ಬರುತ್ತಿದ್ದಳು. ಮೊದಲ ಸಲ ಕೈಯಲ್ಲಿ ಕಾಗದ, ಪೆನ್ನು ಇದ್ದವು. ಅಜ್ಜಿಯ ಕಣ್ಣು ಪೆನ್ನಿನ ಮೇಲೇ ನೆಟ್ಟದ್ದನ್ನು ಕಂಡು, ಮುಂದಿನ ಸಲದಿಂದ ಬರಿಗೈಯಲ್ಲಿ ಬಂದಳು. ತಿಲ್ಲಾಬೂಗೆ ಅದೂ ಅನುಮಾನವೇ. ಪೆನ್ನು ಎಲ್ಲಿ ಅಡಗಿಸಿಕೊಂಡಿದ್ದಾಳೋ!

“ಮನೇಲಿ ಹೆಂಗಸರಿಗೆ ಏನಾದ್ರೂ ತೊಂದರೆ ಇದೆಯಾ ಅಜ್ಜಿ? ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ.”

“ಹೆಂಗಸು ಅಂತ ಇರೋಳು ನಾನೊಬ್ಳೇ. ಕಲ್ಲಿನ ಹಾಗಿದೀನಿ.”

“ನಿಮ್ಮ ಸೊಸೆ?”

“ತೌರಿಗೆ ಹೋಗಿದಾಳೆ.”

“ಪಾಮಿರ್‌ಗಾ? ಈ ಹಿಮದಲ್ಲಾ?”

“ನಡೆಯೋದ್ರಲ್ಲಿ ಗಟ್ಟಿಗಿತ್ತಿ” ಎಂದು ತಿಲ್ಲಾಬೂ ಬಾಗಿಲು ಹಾಕಿಕೊಂಡಳು.

ಒಳಕೋಣೆಯಲ್ಲಿ ತೂಗುಬಿಟ್ಟ ದಪ್ಪ ಕಂಬಳಿಯ ಹಿಂದಿನಿಂದ ಮೆಲ್ಲನೆ ದನಿ ಬಂತು: “ಅತ್ತೆ, ಈಗ ಉಸಿರು ಬಿಡಬಹುದಾ?”

ಗುಲ್‌ಬಾರಾಳಿಗೆ ಎಂಟು ತಿಂಗಳು ತುಂಬುತ್ತಿತ್ತು. ಹಿಂದೆ ಎರಡು ಕೂಸುಗಳು ಹುಟ್ಟಿ, ಎರಡೂ ಪಾಮಿರ್‌ನ ಮಣ್ಣಿಗೇ ಹೋಗಿದ್ದವು. ಸಾವಿಗೆ ಕಿವಿ ಚುರುಕು ಎಂಬುದು ತಿಲ್ಲಾಬೂಳ ಗಟ್ಟಿ ನಂಬಿಕೆ. ಬಸುರಿನ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದರೆ ಸಾವು ಅದನ್ನು ಕೇಳಿಸಿಕೊಂಡು ಗುಡಾರ ಹುಡುಕಿಕೊಂಡು ಬರುತ್ತದೆ. ಅದಕ್ಕೇ ಈ ಸಲ ಯಾರಿಗೂ ಗೊತ್ತಾಗಬಾರದು. ಸರ್ಕಾರಕ್ಕಂತೂ ಗೊತ್ತಾಗಲೇಬಾರದು.

“ಅಮ್ಮಾ, ಒಂದ್ಸಲ ಡಾಕ್ಟರಿಗೆ ತೋರಿಸೋಣ” ಎಂದು ಎರ್‌ಗಾಜಿ ಬೇಡಿಕೊಂಡ.

“ಸುಮ್ನಿರೋ! ಹುಟ್ಟಿದ ಕೂಸನ್ನ ಸರ್ಕಾರ ತನ್ನ ಹೆಸರಿಗೆ ಬರ್ಕೊಳ್ಳುತ್ತಂತೆ. ಸಂತೇಲಿ ಅಂತಿದ್ರು. ಮನೆ, ಹಿಟ್ಟು, ಕಲ್ಲಿದ್ದಲು ಎಲ್ಲ ಯಾಕೆ ಕೊಟ್ರು ಅಂದ್ಕೊಂಡೆ? ಬೆಲೆ ಅಂದ್ರೆ ಇದೇ ಇರಬೇಕು.”

ಎರ್‌ಗಾಜಿ ಟೋಪಿ ಎತ್ತಿಕೊಂಡು ಕೆಲಸಕ್ಕೆ ಹೊರಟ. ಪಟ್ಟಣದಾಚೆ ಕುರಿದೊಡ್ಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಹೋದರೆ ಬರುವಾಗ ಕತ್ತಲಾಗುತ್ತಿತ್ತು.

ಅದೇ ಬೀದಿಯ ಬುರುಲ್ ಎಂಬಾಕೆ ಒಂದು ದಿನ ಅವರನ್ನು ಊಟಕ್ಕೆ ಕರೆದಳು. ಹೊಸ ಮನೆಯವರು ಬಂದರೆ ಮೊದಲಿನಿಂದ ಇದ್ದವರು ಕುರಿ ಕಡಿದು ಉಣ್ಣಿಸುವುದು ಎರಡೂ ಕಡೆಯ ಕಿರ್ಗಿಜರ ಪದ್ಧತಿ. ಆ ಕರೆಗೆ ಇಲ್ಲ ಎನ್ನುವಂತಿಲ್ಲ. ತಿಲ್ಲಾಬೂ ಮಗನೊಂದಿಗೆ ಹೋದಳು. ಬುರುಲ್ ಮೊದಲು ತಿಂದ ತಟ್ಟೆಯಿಂದಲೇ ತಾನೂ ತಿಂದು ಬಂದಳು.

ಮಾರನೆಯ ಬೆಳಿಗ್ಗೆ ಬುರುಲ್ ಮುಚ್ಚಿದ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು.

“ಊಟಕ್ಕೆ ಬಾರದವರ ಪಾಲು ತಂದಿದೀನಿ ಅಕ್ಕ.”

“ಬಾರದವರು ಯಾರೂ ಇಲ್ಲ.”

“ಇಲ್ಲದವರಿಗೂ ಪಾಲು ಇರುತ್ತೆ, ಇಟ್ಕೊಳ್ಳಿ.” ಬುರುಲಳ ಕಣ್ಣು ಹೊಸ್ತಿಲ ಬಳಿಯ ಬೂಟುಗಳ ಮೇಲೆ ನಿಂತಿತು. ಹೆಂಗಸಿನ ಬೂಟುಗಳು. ಹಿಮ್ಮಡಿಯಿಂದ ಮೇಲಕ್ಕೆ ಚಾಕುವಿನಿಂದ ಸೀಳಿದ್ದರು. ಬಾತ ಕಾಲು ಒಳಗೆ ಹೋಗದಿದ್ದರೆ ಹಾಗೆ ಸೀಳುತ್ತಾರೆ.

“ಒಳ್ಳೇ ಬೂಟು. ಸೀಳಿದವರು ಯಾರು?”

“ಇಲಿ.”

“ಹಿಡೀರಿ ಅಕ್ಕ ಆ ಇಲೀನ. ಚಾಕು ಹಿಡಿಯೋ ಇಲಿ ನಮ್ಮ ನರಿನ್‌ನಲ್ಲಿ ಇನ್ನೂ ಹುಟ್ಟಿಲ್ಲ.” ಬುರುಲ್ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ನಾನೇನೂ ಕೇಳ್ತಿಲ್ಲ. ನೀವೇನೂ ಹೇಳ್ಬೇಡಿ. ನಮ್ಮ ತಂಗಿಗೆ ಕಾಲು ಹಿಂಗೇ ಬಾತಿತ್ತು, ಅದಕ್ಕೆ ಅಂದೆ. ತಲೆನೋವು ಬಂದ್ರೆ, ಕಣ್ಣ ಮುಂದೆ ಕಿಡಿ ಹಾರಿದ್ರೆ, ತಡ ಮಾಡ್ಬೇಡಿ. ನನ್ನ ಮನೆ ಬಾಗಿಲು ತಟ್ಟಿ.”

ತಿಲ್ಲಾಬೂ ಬಟ್ಟಲು ತೆಗೆದುಕೊಂಡು ಬಾಗಿಲು ಹಾಕಿದಳು. ಈ ಹೆಂಗಸಿಗೆ ಗೊತ್ತಾಗಿಬಿಟ್ಟಿದೆ. ಇವಳನ್ನು ಆ ಪೆನ್ನಿನ ಹುಡುಗಿಯೇ ಕಳಿಸಿರಬೇಕು. ಇಬ್ಬರೂ ಒಂದೇ. ಆ ದಿನವೆಲ್ಲ ಆಕೆ ಕಿಟಕಿಗೆ ಕಂಬಳಿ ಕಟ್ಟಿ, ದೀಪ ಹಚ್ಚದೆ ಕೂತಳು.

ನಾಲ್ಕಾರು ದಿನ ಕಳೆದವು. ಒಂದು ಬೆಳಿಗ್ಗೆ ಎರ್‌ಗಾಜಿ ಕೆಲಸಕ್ಕೆ ಹೋದಮೇಲೆ ಗುಲ್‌ಬಾರಾ ಗೋಡೆ ಹಿಡಿದು ಕೂತುಬಿಟ್ಟಳು.

“ಅತ್ತೆ, ತಲೆ ಸಿಡೀತಾ ಇದೆ.”

“ಮಲಕ್ಕೋ. ಹೊಗೆ ಜಾಸ್ತಿಯಾಗಿರಬೇಕು.”

“ಕಣ್ಣ ಮುಂದೆ ಏನೋ... ಕಿಡಿ ಹಾರ್ತಾ ಇದೆ ಅತ್ತೆ.”

ತಿಲ್ಲಾಬೂ ಕೈಯಲ್ಲಿದ್ದ ಕೆಟಲ್ ಕೆಳಗಿಟ್ಟಳು. ಆಕೆಯ ಸ್ವಂತ ಮಗಳೂ ಹೆರಿಗೆಗೆ ಮುಂಚೆ ಇದೇ ಮಾತು ಹೇಳಿದ್ದಳು. ‘ಅಮ್ಮಾ, ಕಿಡಿ.’ ಅದಾದಮೇಲೆ ಮಗಳು ಮಾತಾಡಲೇ ಇಲ್ಲ. ಅಲ್ಲಿ ತಟ್ಟಲು ಬಾಗಿಲೇ ಇರಲಿಲ್ಲ. ಸುತ್ತ ಇದ್ದದ್ದು ಹಿಮ ಮಾತ್ರ.

ಆಕೆ ಬಾಗಿಲ ಚಿಲಕಕ್ಕೆ ಕೈ ಹಾಕಿ ನಿಂತಳು. ತೆಗೆದರೆ ಎಲ್ಲರಿಗೂ ಗೊತ್ತಾಗುತ್ತದೆ. ತೆಗೆಯದಿದ್ದರೆ ಏನಾಗುತ್ತದೆಂದು ತನಗೇ ಗೊತ್ತಿದೆ.

ತಲೆಯ ಬಟ್ಟೆ ಸರಿಮಾಡಿಕೊಳ್ಳದೆ ಓಡಿ ಬಂದ ಅಜ್ಜಿಯನ್ನು ನೋಡಿದ್ದೇ ಬುರುಲ್ ಮೊದಲು ಫೋನ್ ಮಾಡಿದಳು, ಆಮೇಲೆ ಮಾತಾಡಿದಳು.

“ಕನಿಶಾಯ್ ಗಾಡಿ ತರ್ತಾಳೆ. ಆಸ್ಪತ್ರೆಗೆ ಹೋಗೋದು.”

“ಆಸ್ಪತ್ರೆಗೆ ಬೇಡ! ಮಾತ್ರೆ ಇದ್ರೆ ಕೊಡು. ಅಲ್ಲಿ ಎಲ್ಲ ಬರ್ಕೋತಾರೆ, ಕೂಗಿ ಹೇಳ್ತಾರೆ. ಅದಕ್ಕೆ ಕೇಳಿಸಿಬಿಡುತ್ತೆ ಬುರುಲ್!”

ಯಾವುದಕ್ಕೆ ಎಂದು ಬುರುಲ್ ಕೇಳಲಿಲ್ಲ. ಅಜ್ಜಿಯ ತಲೆಯ ಬಟ್ಟೆಯನ್ನು ತಾನೇ ಸರಿಮಾಡಿ ಕಟ್ಟಿದಳು.

“ಅಕ್ಕ, ಕೂಸು ಉಳಿಯದ ಮನೇಲಿ ಹೆರಿಗೆ ಎಲ್ಲಿ ಮಾಡಿಸ್ತೀರಿ ನಿಮ್ಮ ಕಡೆ?”

“ಬೇರೆಯವರ ಗುಡಾರದಲ್ಲಿ.”

“ಯಾಕೆ?”

“ಸಾವು ನಮ್ಮ ಗುಡಾರಕ್ಕೆ ಬಂದು, ಹುಡುಕಿ, ಬರಿಗೈಲಿ ಹೋಗಲಿ ಅಂತ.”

“ನಮ್ಮ ಅಜ್ಜೀನೂ ಹಾಗೇ ಮಾಡಿದ್ಳು. ಈಗ ಹೇಳಿ, ಆಸ್ಪತ್ರೆ ಯಾರ ಮನೆ? ನಿಮ್ಮದಾ?”

ತಿಲ್ಲಾಬೂ ತಿರುಗಿ ತನ್ನ ಮನೆಯ ಬಾಗಿಲ ಕಡೆ ನೋಡಿದಳು.

“ಅಷ್ಟು ದೊಡ್ಡ ಮನೆ, ಅಷ್ಟೊಂದು ಬಾಗಿಲು. ಅದಕ್ಕೆ ನಿಮ್ಮ ಸೊಸೇನ ಅಲ್ಲಿ ಹುಡುಕೋದಕ್ಕಾಗುತ್ತಾ?”

“ಬೆಲೆ ಏನು ಅಲ್ಲಿ?”

“ಅಯ್ಯೋ, ಮತ್ತೆ ಬೆಲೆ! ಹೊಸಬರಾದ್ರೂ ಹಳಬರಾದ್ರೂ ಬಸುರಿಯರಿಗೆ, ಬಾಣಂತಿಯರಿಗೆ ಅಲ್ಲಿ ದುಡ್ಡು ಕೇಳೋ ಹಾಗಿಲ್ಲ. ನಡೀರಿ.”

ಕನಿಶಾಯ್ ಬಂದಳು. ಸೀಟಿಗೆ ಕಂಬಳಿ ಹಾಸಿ ಬೆಚ್ಚಗೆ ಮಾಡಿ ತಂದಿದ್ದಳು. ಕಂಬಳಿ ಮರೆಯಿಂದ ಹೊರಬಂದ ಗುಲ್‌ಬಾರಾಳನ್ನು ಕಂಡು, ಆ ತುಂಬಿದ ಹೊಟ್ಟೆಯನ್ನು ಕಾಣದವಳಂತೆ, ಬರೀ ಇಷ್ಟು ಹೇಳಿದಳು:

“ತೌರಿಂದ ಬಂದ್ಯಾ ತಂಗಿ? ದೂರದ ದಾರಿ, ದಣಿದಿರ್ತೀಯ. ನನ್ನ ಕೈ ಹಿಡ್ಕೋ.”

ತಿಲ್ಲಾಬೂ ತಲೆ ತಗ್ಗಿಸಿದಳು. ಆದರೆ ಅನುಮಾನವನ್ನು ಮಾತ್ರ ಬಿಡಲಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮನ ತೋಳು ಹಿಡಿದು ನಿಲ್ಲಿಸಿದಳು.

“ಏನು ಬರ್ಕೊಂಡೆ? ಓದು.”

“ರಕ್ತದ ಒತ್ತಡ ಅಜ್ಜಿ. ತುಂಬಾ ಏರಿದೆ.”

“ಆ ಸೂಜಿ?”

“ಒತ್ತಡ ಇಳಿಸೋಕೆ, ಫಿಟ್ಸ್ ಬರದ ಹಾಗೆ ತಡೆಯೋಕೆ.”

ಡಾಕ್ಟರ ಮಾತಿನಲ್ಲಿ ಅರ್ಧ ರಷ್ಯನ್ ಇತ್ತು. ಅದನ್ನೆಲ್ಲ ಕನಿಶಾಯ್ ಪಾಮಿರ್ ಕಡೆಯ ಮಾತಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಅಜ್ಜಿಗೆ ಅರ್ಥವಾಗದಿದ್ದಾಗ ಮತ್ತೆ ಹೇಳಿದಳು. ಎರ್‌ಗಾಜಿಯನ್ನು ದೊಡ್ಡಿಯಿಂದ ಕರೆಸಿದಳು. ಬಾಗಿಲ ಎದುರು ಕಾವಲು ಕೂರುವುದಕ್ಕೆ ಅಜ್ಜಿಗೆ ಒಂದು ಕುರ್ಚಿ ಹಾಕಿಸಿದಳು. ಇನ್ನೂ ಕಾದರೆ ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ ಎಂದ ಡಾಕ್ಟರು ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದರು.

ಹೆಣ್ಣು ಕೂಸು. ಒಂದು ಬೊಗಸೆಯಷ್ಟು. ಅದನ್ನು ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ‘ಇನ್ನೇನು, ಬರೆದುಕೊಂಡು ಒಯ್ಯುತ್ತಾರೆ’ ಎಂದು ತಿಲ್ಲಾಬೂ ಗಾಜಿಗೆ ಹಣೆ ಒತ್ತಿ ದಿನವೂ ಕಾದಳು. ಯಾರೂ ಒಯ್ಯಲಿಲ್ಲ. ಗುಲ್‌ಬಾರಾಳ ಕಾಲಿನ ಬಾವು ಇಳಿಯಿತು. ಕೂಸು ಎದೆಹಾಲಿಗೆ ಬಾಯಿ ಹಾಕಿತು. ಒಂದು ಬೆಳಿಗ್ಗೆ ಡಾಕ್ಟರು, “ಮನೆಗೆ ಕರ್ಕೊಂಡು ಹೋಗಿ” ಎಂದರು.

ಕನಿಶಾಯ್ ಗಾಡಿ ಬೀದಿಗೆ ಬಂದಾಗ ತಿಲ್ಲಾಬೂ ಬುರುಲಳ ಮನೆಯ ಮುಂದೆ ನಿಲ್ಲಿಸಿದಳು.

“ಕೂಸು ನೇರ ನಮ್ಮನೆಗೆ ಬರೋ ಹಾಗಿಲ್ಲ. ಇದು ನಮ್ಮದಲ್ಲ. ಬೇರೆಯವರದು. ನಾನು ಕೊಂಡ್ಕೋಬೇಕು. ಬುರುಲ್, ಇದನ್ನ ನಿನ್ನ ಕಿಟಕಿಯಿಂದ ಮಾರು.”

ಹಿಂದೆ ಕೂಸು ಕಳೆದುಕೊಂಡ ಮನೆಯವರು ಸಾವಿನ ಕಣ್ಣು ತಪ್ಪಿಸಲು ಹಾಗೆ ಮಾಡುತ್ತಾರೆ. ಬುರುಲಳಿಗೆ ಅದು ಗೊತ್ತು. ಆದರೆ ಆಕೆ ಕೂಸನ್ನು ಕನಿಶಾಯ್ ತೋಳಿಗೆ ಕೊಟ್ಟಳು.

“ತಂದೋಳು ಇವಳು. ಇವಳೇ ಮಾರಲಿ.”

ಕನಿಶಾಯ್ ಬುರುಲಳ ಮನೆಯೊಳಗೆ ಹೋಗಿ ಕಿಟಕಿಯಲ್ಲಿ ಕೂಸು ಹಿಡಿದು ನಿಂತಳು. ಹೊರಗೆ, ಹಿಮದಲ್ಲಿ, ತಿಲ್ಲಾಬೂ ಸೆರಗಿನಂತೆ ಶಾಲು ಚಾಚಿ ನಿಂತು, ಈ ಊರಿಗೆ ಬಂದಾಗಿನಿಂದ ಕೇಳುತ್ತಿದ್ದುದನ್ನೇ ಕೇಳಿದಳು:

“ಇದಕ್ಕೆ ಬೆಲೆ ಏನು?”

ಆ ದಿನ ಮಾತ್ರ ಕನಿಶಾಯ್ ‘ಬೆಲೆ ಇಲ್ಲ’ ಎನ್ನಲಿಲ್ಲ.

“ಒಂದು ಬಟ್ಟಲು ಚಹಾ. ಇಷ್ಟು ದಿನ ನಿಮ್ಮ ಬಾಗಿಲಲ್ಲೇ ನಿಂತು ಹೋಗಿದೀನಿ ಅಜ್ಜಿ. ಒಂದು ಗುಟುಕೂ ಸಿಗಲಿಲ್ಲ.”

“ಜಾಸ್ತಿಯಾಯ್ತು. ಅರ್ಧ ಬಟ್ಟಲು ಕೊಡ್ತೀನಿ.”

“ಅತ್ತೆ!” ಎಂದಳು ಗುಲ್‌ಬಾರಾ.

“ಅತ್ತೆ ಏನು ಅತ್ತೆ? ಬಟ್ಟಲು ತುಂಬಿಸಿ ಕೊಟ್ರೆ, ಕುಡಿದು ಎದ್ದು ಹೋಗು ಅಂದ ಹಾಗೆ. ಅರ್ಧ ಕೊಟ್ರೆ ಮತ್ತೆ ಮತ್ತೆ ಹಾಕಬಹುದು, ಹುಡುಗಿ ಕೂತಿರ್ತಾಳೆ” ಎಂದು ತಿಲ್ಲಾಬೂ ಕೂಸನ್ನು ಶಾಲಿನಲ್ಲಿ ತೆಗೆದುಕೊಂಡು, ತನ್ನ ಮನೆಗೆ ನಡೆದು, ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು.

ಓದುತ್ತಿರುವ ಅಕ್ಕ ತಂಗಿಯರೇ, ಕೇಳುತ್ತಿರುವ ಅಣ್ಣ ತಮ್ಮಂದಿರೇ, ಬೇರೆ ಊರಿಂದ, ಬೇರೆ ದೇಶದಿಂದ ಬಂದು ನೆಲೆ ಹುಡುಕುತ್ತಿರುವವರು ನೀವಾಗಿದ್ದರೆ, ಹೊಸಬರ ನೆರವಿಗೆ ಇರುವ ಸರ್ಕಾರಿ ಕಚೇರಿ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ. ಮನೆ, ಶಾಲೆ, ವೈದ್ಯರು, ಕೆಲಸ, ನಿಮ್ಮ ಮಾತು ತಿಳಿಸಿ ಹೇಳುವವರು, ಏನು ಬೇಕೋ ಬಾಯಿಬಿಟ್ಟು ಕೇಳಿ. ಅನುಮಾನ ಬಂದರೆ ಅದನ್ನೂ ಕೇಳಿ, ‘ಬೆಲೆ ಏನು’ ಎಂದು ನೂರು ಸಲ ಕೇಳಿ. ಸರ್ಕಾರದ ಹೆಸರು ಹೇಳಿ ಲಂಚ ಕೇಳುವವನ ಮೇಲೆ ಅನುಮಾನಪಡಿ, ಅವನ ಸಂಗತಿಯನ್ನು ಕಚೇರಿಗೆ ತಿಳಿಸಿ. ಮನೆಯಲ್ಲಿ ಬಸುರಿ ಇದ್ದು, ಕಾಲು ಮುಖ ಬಾತರೆ, ತಲೆ ಸಿಡಿದರೆ, ಇಲ್ಲವೇ ಕಣ್ಣ ಮುಂದೆ ಕಿಡಿ ಹಾರಿದರೆ, ಆಗ ಯಾವ ಅನುಮಾನಕ್ಕೂ ಕಾಯಬೇಡಿ, ಆ ಕೂಡಲೇ ಆಸ್ಪತ್ರೆಗೆ ಹೊರಡಿ.

ನೀವು ಮೊದಲಿನಿಂದ ಅಲ್ಲೇ ಇರುವವರಾಗಿದ್ದರೆ, ನಿಮ್ಮ ಬೀದಿಯಲ್ಲಿ ಒಂದು ಗೇಣು ಮಾತ್ರ ತೆರೆಯುವ ಬಾಗಿಲು ಯಾವುದು ಎಂದು ನೋಡಿ. ಊಟಕ್ಕೆ ಬಾರದವರ ಪಾಲನ್ನು ಒಂದು ಬಟ್ಟಲಲ್ಲಿ ಹಾಕಿಕೊಂಡು ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ. ಬಾಗಿಲು ಮುಖದ ಮೇಲೆ ಮುಚ್ಚಿದರೂ ಬೇಸರಪಡಬೇಡಿ. ಬುರುಲಳ ಹಾಗೆ, ನಿಮ್ಮ ಮನೆ ಯಾವುದು ಎಂದು ಹೇಳಿ ಬನ್ನಿ.