ನೆಲಮಾಳಿಗೆಯಲ್ಲಿ ಬಂದ ಹಸಿರು

ಹಳದಿ ಬಣ್ಣ ಕಂಡರೆ ನಮ್ಮ ಮ್ಯಾನೇಜರರಿಗೆ ಆಗದು. "ಏನ್ರೀ ಇದು, ಕಾಮಾಲೆ ಬಂದ ಹಾಗಿದೆ! ಬಟನ್ ಒತ್ತಿದ ತಕ್ಷಣ ಹಸಿರಾಗ್ಬೇಕು. ಕಾಯಿಸೋ ಆಪ್ ಯಾರಿಗೆ ಬೇಕು?" ಎಂದಿದ್ದರು ನಾನು ಹೊಸ ಆಪ್ ತೋರಿಸಿದ ಮೀಟಿಂಗಿನಲ್ಲಿ. ಮೇಜಿನ ಸುತ್ತಲಿದ್ದ ಏಳೂ ತಲೆಗಳು ಕೋಲೆಬಸವನ ಹಾಗೆ ಆಡಿದವು.

ನಮ್ಮದು ರಕ್ತನಿಧಿಯ ಕಂಪ್ಯೂಟರ್ ವಿಭಾಗ. ವ್ಯಾನಿನವರು ಆಸ್ಪತ್ರೆಗೆ ಒಂದು ಚೀಲ ರಕ್ತ ಕೊಟ್ಟರೆ ಎರಡು ಕೆಲಸ ಆಗಬೇಕು. ನಮ್ಮ ಫ್ರಿಜ್ಜಿನ ಪಟ್ಟಿಯಿಂದ ಚೀಲ ಇಳಿಯಬೇಕು, ರೋಗಿಯ ಹೆಸರಿಗೆ ಏರಬೇಕು. ಆಗುವುದಾದರೆ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ಸಿಗ್ನಲ್ ಸತ್ತರೆ, ಸರ್ವರ್ "ದಾಖಲಾಯಿತು" ಎನ್ನುವವರೆಗೂ ಫೋನು ಹಳದಿಯಾಗಿಯೇ ಇದ್ದು ಅದೇ ವಿಷಯವನ್ನು ಮತ್ತೆ ಮತ್ತೆ ಕಳಿಸುತ್ತಿರಬೇಕು. ಉತ್ತರ ಬಾರದಿದ್ದರೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಇಷ್ಟನ್ನೇ ಎರಡು ವರ್ಷ ಓದಿ ನಾನು ಸ್ನಾತಕೋತ್ತರ ಪದವಿ ಪಡೆದದ್ದು.

"ಮತ್ತೆ ಮತ್ತೆ ಕಳಿಸೋದೂ ಬೇಡ, ಬ್ಯಾಟರಿ ಕುಡಿಯುತ್ತೆ. ಏನಂತೀರಿ, ಪಂಡಿತರೇ?" ಎಂದು ಮ್ಯಾನೇಜರರು ನನ್ನತ್ತ ತಿರುಗಿದರು.

ನಾನು ಏನೂ ಅನ್ನಲಿಲ್ಲ.

"ಮೌನಂ ಸಮ್ಮತಿ ಲಕ್ಷಣಂ!" ಎಂದು ನಕ್ಕರು. ಊಟದ ಹೊತ್ತಿಗೆಲ್ಲ, ಸರ್ವರಿನ ಉತ್ತರಕ್ಕೆ ಕಾಯದೆ ಹಸಿರಾಗುವ ಹಾಗೆ ಮಾಡಿಕೊಟ್ಟೆ. ಕಾಗದದ ರಸೀದಿಗಳನ್ನೂ ಆ ವಾರವೇ ನಿಲ್ಲಿಸಿದರು.

ವ್ಯಾನಿನವರಲ್ಲಿ ನನ್ನ ಅತ್ತಿಗೆಯೂ ಒಬ್ಬರು. ಹನ್ನೊಂದು ವರ್ಷದ ಕೆಲಸ. ಕಳೆದ ಮಂಗಳವಾರ ಅವರು ಆಸ್ಪತ್ರೆಯೊಂದರ ನೆಲಮಾಳಿಗೆಯ ಕೌಂಟರಿನಲ್ಲಿ ಅಪರೂಪದ ಗುಂಪಿನ ಒಂದು ಚೀಲ ಕೊಟ್ಟು ಬಟನ್ ಒತ್ತಿದರು. ಹಸಿರು ಬಂತು. ಸರ್ವರಿಗೆ ಮಾತ್ರ ಸುದ್ದಿಯೇ ಮುಟ್ಟಲಿಲ್ಲ. ಒಂದು ಗಂಟೆಯ ಬಳಿಕ ಇನ್ನೊಂದು ಆಸ್ಪತ್ರೆ ಅದೇ ಗುಂಪು ಕೇಳಿದಾಗ ಪಟ್ಟಿ "ಒಂದು ಇದೆ" ಎಂದಿತು. ಅದನ್ನು ನಂಬಿ ಅಲ್ಲಿ ಆಪರೇಷನ್ ಶುರುಮಾಡಿದರು. ಇಲ್ಲಿ ಫ್ರಿಜ್ ತೆರೆದರೆ ಚೀಲವಿಲ್ಲ. ಎಲ್ಲೆಲ್ಲೋ ಹುಡುಕಿ ಬೇರೊಂದು ತಂದರು. ರೋಗಿ ಉಳಿದದ್ದೇ ಪುಣ್ಯ.

ಆ ರಾತ್ರಿ ಅತ್ತಿಗೆ ಬಡಿಸುತ್ತಾ ಕೇಳಿದ್ದರು: "ಹಸಿರು ಬಂದ ಮೇಲೂ ಸೇರದೇ ಇರಬಹುದೇನಪ್ಪ?"

"ನೋಡ್ತೀನಿ" ಎಂದಿದ್ದೆ. ಪದವೀಧರನ ಉತ್ತರ.

ಶುಕ್ರವಾರ ವಿಚಾರಣೆ. ರಕ್ತನಿಧಿಯ ಮುಖ್ಯ ವೈದ್ಯೆಯ ಮೇಜಿನ ಮೇಲೆ ಅತ್ತಿಗೆಯನ್ನು ಕೆಲಸದಿಂದ ತೆಗೆಯುವ ಪತ್ರ ಸಹಿಗೆ ಕಾದಿತ್ತು.

"ಒತ್ತಿದ್ದೀನಿ ಮೇಡಂ. ಹಸಿರು ನೋಡೇ ಹೊರಟಿದ್ದು," ಎಂದರು ಅತ್ತಿಗೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಮ್ಯಾನೇಜರರು. "ಸರ್ವರಿನಲ್ಲಿ ಇಲ್ಲ ಅಂದ್ರೆ ಒತ್ತಿಲ್ಲ ಅಂತ್ಲೇ ಅರ್ಥ. ಅಲ್ವೇನ್ರೀ ಪಂಡಿತರೇ?"

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನಾನು ಸುಮ್ಮನಿದ್ದೆ. ಮ್ಯಾನೇಜರರ ತುಟಿಯ ಮೇಲೆ ಆ ಹಳೆಯ ನಗು ಮೂಡಿತು; ವೈದ್ಯೆ ಪೆನ್ನಿನ ಮುಚ್ಚಳ ತೆಗೆದರು.

"ಒಂದ್ನಿಮಿಷ, ಮೇಡಂ. ನಮ್ಮ ಜನರೇಟರ್ ರೂಮಿಗೆ ಹೋಗಿ ಬರೋಣ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಸರ್ವರಿನ ಪಟ್ಟಿ ನೋಡುತ್ತಿರಿ ಎಂದು ಸ್ಟೋರಿನ ಗುಮಾಸ್ತರನ್ನು ಮೇಲೆ ಬಿಟ್ಟು ನಾವು ನಾಲ್ವರು ನೆಲಮಾಳಿಗೆಗೆ ಇಳಿದೆವು. ಎಣ್ಣೆ ವಾಸನೆ, ಬೂಷ್ಟು ಹಿಡಿದ ಗೋಡೆ, ಫೋನಿನಲ್ಲಿ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಪರೀಕ್ಷೆಗೆಂದು ಇಟ್ಟಿದ್ದ ಚೀಲದ ಸಂಖ್ಯೆ ಹಾಕಿ ಮ್ಯಾನೇಜರರ ಕೈಗೇ ಫೋನು ಕೊಟ್ಟೆ. ತಮ್ಮ ದಪ್ಪ ಹೆಬ್ಬೆರಳಿನಿಂದ ಒತ್ತಿದರು. ಹಸಿರು.

"ನೋಡಿದ್ರಾ ಡಾಕ್ಟ್ರೇ, ಎಷ್ಟು ಫಾಸ್ಟು!" ಎಂದುಬಿಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು.

ಮೇಲೆ ಬಂದರೆ ಗುಮಾಸ್ತರು ತಲೆಯಾಡಿಸಿದರು. "ಏನೂ ಬಂದಿಲ್ಲ ಮೇಡಂ."

"ಅದು ನೆಟ್‌ವರ್ಕ್ ತೊಂದ್ರೆ..." ಎಂದರು ಮ್ಯಾನೇಜರರು.

"ನೆಟ್‌ವರ್ಕೇ ಇಲ್ದಿದ್ರೆ ಹಸಿರು ಎಲ್ಲಿಂದ ಬಂತ್ರೀ?" ಎಂದರು ವೈದ್ಯೆ.

ಮ್ಯಾನೇಜರರ ಬೆರಳು ನನ್ನತ್ತ ತಿರುಗಿತು. "ಬರೆದದ್ದು ಇವರೇ!"

"ಹೌದು. ಸರ್ ಬರೀರಿ ಅಂದ್ರು, ಬರೆದೆ. ತಪ್ಪು ಅಂತ ಗೊತ್ತಿದ್ದೇ ಬರೆದೆ."

ವೈದ್ಯೆ ಪತ್ರವನ್ನು ನಾಲ್ಕಾಗಿ ಹರಿದರು. ಹಳೆಯ ರಸೀದಿ ಪುಸ್ತಕಗಳನ್ನು ಇವತ್ತಿನಿಂದಲೇ ಮತ್ತೆ ಬಳಸಲು ಹೇಳಿದರು. ಮ್ಯಾನೇಜರರಿಗೂ ನನಗೂ ಸೋಮವಾರ ಲಿಖಿತ ಉತ್ತರದೊಡನೆ ಬರಲು ಹೇಳಿದರು.

ಅಂಗಳದಲ್ಲಿ ಅತ್ತಿಗೆ ತಂಪುಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದರು. ಕೈಹಚ್ಚಲು ಹೋದೆ.

"ಬಿಡು. ಮೊದಲಿಂದ್ಲೂ ಗೊತ್ತಿತ್ತಾ ನಿಂಗೆ?"

ನಾನು ನೆಲ ನೋಡಿದೆ.

"ಬಾಯಿ ಬಿಟ್ಟು ಹೇಳು. ನೀನು ಸುಮ್ನಿದ್ರೆ ನಂಗೆ ಬೇಕಾದ ಹಾಗೆ ಅಂದ್ಕೊಳ್ಳೋಕೆ ನಾನೇನು ನಿಮ್ಮ ಮ್ಯಾನೇಜರಾ?"

"ಗೊತ್ತಿತ್ತು, ಅತ್ತಿಗೆ."

ಪೆಟ್ಟಿಗೆಯ ಬೆಲ್ಟು ಬಿಗಿದು ವ್ಯಾನು ಹತ್ತಿದರು. "ಸಂಜೆ ನಿಮ್ಮಣ್ಣನಿಗೂ ಇಷ್ಟೇ ಹೇಳು. ನನ್ನ ಬಾಯಿಂದ ಹೇಳಿಸ್ಬೇಡ," ಎಂದು ಬಾಗಿಲು ಎಳೆದುಕೊಂಡರು.