ನಾಲ್ಕು ಮೀಟರಿನ ಖರ್ಜೂರ

ಕರಕ್ ಚಹಾದ ಕಾಗದದ ಲೋಟ ಹಿಡಿದು ಸುಮಿತ್ ನೆರಳು ಹುಡುಕಿದ. ಶಾರ್ಜಾದ ಗಡಿಗೆ ಅಂಟಿಕೊಂಡ ಅಲ್ ನಹ್ದಾದ ಆ ಹೊಸ ಕಟ್ಟಡದ ಅಂಗಳದಲ್ಲಿ ನೆರಳು ಎಂಬುದು ಇನ್ನೂ ನಕ್ಷೆಯಲ್ಲಷ್ಟೇ ಇತ್ತು. ಹಿಂದಿನ ದಿನ ಕ್ರೇನಿನಿಂದ ಇಳಿಸಿ ನೆಟ್ಟಿದ್ದ ಹನ್ನೆರಡು ಖರ್ಜೂರದ ಮರಗಳು, ಗರಿಗಳನ್ನು ಹಗ್ಗದಿಂದ ಎತ್ತಿ ಕಟ್ಟಿಸಿಕೊಂಡು, ಜುಟ್ಟು ಕಟ್ಟಿದ ಮಕ್ಕಳ ಹಾಗೆ ನಿಂತಿದ್ದವು. ಜಾರುಬಂಡೆಯ ಪಕ್ಕದ ಮರಕ್ಕೆ ತಲೆಯೊರಗಿಸಿ ಅವನು ಒಂದು ಗುಟುಕು ಕುಡಿದ. ಎರಡನೆಯದನ್ನು ಕುಡಿಯಲಿಲ್ಲ.

ಮರದ ಒಳಗೆ ಯಾರೋ ತಿನ್ನುತ್ತಿದ್ದರು.

ಸದ್ದು ದೊಡ್ಡದೇನಲ್ಲ. ಪಕ್ಕದ ಕೋಣೆಯಲ್ಲಿ ಕುಳಿತು ಒಣಕೊಬ್ಬರಿ ಅಗಿದಂತೆ ಕರ್ರ್ ಎಂದು ಒಮ್ಮೆ, ಸ್ವಲ್ಪ ಬಿಟ್ಟು ಮತ್ತೊಮ್ಮೆ. ಬೇರೆಯವರಾಗಿದ್ದರೆ ಹತ್ತಿರದ ರಸ್ತೆಯ ಗದ್ದಲವೆಂದು ಸುಮ್ಮನಾಗುತ್ತಿದ್ದರೇನೋ. ಸುಮಿತ್ ಕಟಪಾಡಿಯವನು. ತೆಂಗಿನ ಮರಕ್ಕೆ ಕಿವಿಯಿಟ್ಟು ರೋಗ ಹೇಳುವವರ ನಡುವೆ ಬೆಳೆದವನು. ಅವನು ಬಗ್ಗಿ ನೋಡಿದ. ಮೊಣಕಾಲಿನ ಎತ್ತರದಲ್ಲಿ ಬೆರಳು ತೂರುವಷ್ಟು ಒಂದು ತೂತು, ಅದರಿಂದ ಕಂದು ರಸ ಇಳಿದು ಒಣಗಿತ್ತು. ಮೂಗು ಹತ್ತಿರ ತಂದರೆ ಹುಳಿ ಬಂದ ಕಳ್ಳಿನ ವಾಸನೆ. ಕೆಂಪುಮೂತಿ ಹುಳ. ಮರದ ತಿರುಳನ್ನು ತಿಂದು, ಸಿಪ್ಪೆಯನ್ನು ಮಾತ್ರ ನಿಲ್ಲಿಸಿ, ಒಂದು ದಿನ ಹೇಳದೆ ಕೇಳದೆ ಮರವನ್ನು ಮಲಗಿಸುವ ಹುಳ.

ಸುಮಿತ್ ಉದ್ಯಾನ ಮಾಡಿಕೊಡುವ ಒಂದು ಸಣ್ಣ ಕಂಪೆನಿಯ ಸೈಟ್ ಇಂಜಿನಿಯರ್. ಕಟ್ಟಡ ಎಷ್ಟೇ ಚೆಂದವಾಗಿ ಎದ್ದರೂ ಗಿಡಮರಗಳ ತಪಾಸಣೆ ಆಗದೆ ಜನ ವಾಸಕ್ಕೆ ಬರುವಂತಿಲ್ಲ. ಇಷ್ಟು ಜಾಗಕ್ಕೆ ಇಷ್ಟು ಮರ, ಖರ್ಜೂರವಾದರೆ ನಾಲ್ಕು ಮೀಟರ್ ಕಾಂಡ, ಬುಡಕ್ಕೆ ನೀರಿನ ಕೊಳವೆ ಎಂದೆಲ್ಲ ಕಟ್ಟುಪಾಡು. ನಿಯಮ ಮಾಡಿದವರ ಮನಸ್ಸಿನಲ್ಲಿದ್ದದ್ದು ನೆರಳು. ಬರೆಯುವಾಗ ಅದು ಮೀಟರ್ ಆಯಿತು. ಮೀಟರ್ ಹಿಡಿದು ಓಡಾಡುವವರಿಗೆ ನೆರಳಿನ ನೆನಪೇ ಹೋಯಿತು. ಯಾವುದೋ ತೋಟ ಕಿತ್ತುಹಾಕುವವರು ಅಗ್ಗಕ್ಕೆ ಕೊಟ್ಟ ಮರಗಳಿವು. ಎತ್ತರ ಸರಿಯಿದೆ ಎಂದಷ್ಟೇ ನೋಡಿ ತಂದದ್ದು.

ಪ್ರಾಜೆಕ್ಟ್ ಮ್ಯಾನೇಜರ್ ಲಿಯೊನೆಲ್ ಬಂದು ತೂತನ್ನು ನೋಡಿದರು. ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು. ಮಾತು ಒರಟು, ಮನಸ್ಸು ಒರಟಲ್ಲ. ಸುಮಿತ್‌ಗೆ ಈ ಕೆಲಸ ಕೊಡಿಸಿದವರೂ ಅವರೇ.

"ಇದನ್ನು ಇವತ್ತೇ ತೆಗೀಬೇಕು ಸರ್. ಮಕ್ಕಳು ಆಡುವ ಜಾಗ."

"ತೆಗೆದು? ನಾಳೆ ಇನ್‌ಸ್ಪೆಕ್ಷನ್. ಹನ್ನೊಂದು ಮರ ತೋರಿಸಿದ್ರೆ ಫೇಲ್. ಬೇರೆ ಮರ ಬರ್ಲಿಕ್ಕೆ ಒಂದು ತಿಂಗಳು ಬೇಕು. ಹಳೆ ಫ್ಲಾಟ್ ಬಿಟ್ಟು ಕಾಯ್ತಾ ಕೂತ ಫ್ಯಾಮಿಲಿ ಎಷ್ಟುಂಟು ಗೊತ್ತುಂಟಾ? ನಮ್ಮದೂ ಅದ್ರಲ್ಲಿ ಒಂದು. ಮೆಟಿಲ್ಡಾ ಮಗುವನ್ನು ಕಟ್ಟಿಕೊಂಡು ಶಾರ್ಜಾದಲ್ಲಿ ತಂಗಿ ಮನೆ ಹಾಲ್‌ನಲ್ಲಿ ಮಲಗ್ತಾಳೆ."

"ಬಿದ್ರೆ ಎಂತ ಮಾಡುದು ಸರ್?"

"ಮದ್ದು ಹಾಕು ಮಾರಾಯ. ಊರಲ್ಲಿ ಮದ್ದು ಹಾಕಿ ತೂತು ಮುಚ್ಚುದಿಲ್ವಾ? ಅವೆಲ್ಲ ಬಿದ್ದಿದ್ದಾವಾ?"

ಅದು ಸುಳ್ಳೂ ಆಗಿರಲಿಲ್ಲ. ಊರಲ್ಲಿ ಎಷ್ಟೋ ತೆಂಗಿನ ಮರಗಳು ಹಾಗೆ ಉಳಿದಿದ್ದವು. ಆದರೆ ಅವು ತೋಟದ ಮೂಲೆಯ ಮರಗಳು, ಅವುಗಳ ಬುಡದಲ್ಲಿ ಯಾರೂ ಜಾರುಬಂಡೆ ಇಟ್ಟಿರಲಿಲ್ಲ. ಇದು ಸುಮಿತ್‌ಗೆ ಹೊಳೆಯದೆ ಇರಲಿಲ್ಲ, ಹೊಳೆದದ್ದನ್ನು ಅವನು ಪಕ್ಕಕ್ಕೆ ಸರಿಸಿದ. ಪಿಚಕಾರಿಯಲ್ಲಿ ಮದ್ದು ತುಂಬಿ ತೂತಿಗೆ ಬಿಟ್ಟ. ಸಿಮೆಂಟಿಗೆ ಕೆಮ್ಮಣ್ಣು ಕಲಸಿ, ಕಾಂಡದ ಬಣ್ಣ ಬರುವವರೆಗೆ ತೇಯ್ದು ಮುಚ್ಚಿದ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಸಂಜೆಗೆ ತೂತು ಎಲ್ಲಿತ್ತೆಂದು ಅವನಿಗೇ ಕಾಣಲಿಲ್ಲ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮರುದಿನ ಬಂದ ತಪಾಸಣಾಧಿಕಾರಿ ತಾಳ್ಮೆಯ ಮನುಷ್ಯ. ಪ್ರತಿ ಮರಕ್ಕೂ ಕೋಲು ಹಿಡಿದು ಅಳೆದರು, ನೀರಿನ ಕೊಳವೆ ಬಿಚ್ಚಿಸಿ ನೋಡಿದರು. ಕೊನೆಗೆ, "ಹುಳದ ಬಾಧೆ ಏನಾದರೂ ಇದೆಯೇ?" ಎಂದು ನೇರವಾಗಿ ಕೇಳಿದರು.

"ಇಲ್ಲ ಸರ್. ಮುನ್ನೆಚ್ಚರಿಕೆಗೆ ಮದ್ದು ಕೊಟ್ಟಿದ್ದೇವೆ," ಎಂದ ಸುಮಿತ್. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವರು ನಂಬಿದರು. ಲಿಯೊನೆಲ್ ಅವನ ಬೆನ್ನು ತಟ್ಟಿ, "ಖಲಾಸ್. ಇನ್ನು ಮರೆತುಬಿಡು," ಎಂದರು.

ಮರೆಯಲು ಅವನು ಪ್ರಯತ್ನಿಸಿದ್ದೂ ಹೌದು. ಬೇಸಿಗೆ ಏರಿತು, ಬೇರೆ ಸೈಟುಗಳು ಬಂದವು. ಆದರೆ ಊಟಕ್ಕೆ ಕುಳಿತಾಗ ಮಗಳು ನಿಖಿತಾ ಹಪ್ಪಳ ಮುರಿದರೆ ಅವನ ಕೈ ತುತ್ತಿನೊಂದಿಗೆ ನಿಂತುಬಿಡುತ್ತಿತ್ತು. ಆ ಕಟ್ಟಡದ ಬೀದಿಗೆ ಹೋಗುವ ಕೆಲಸವಿದ್ದರೆ ಸುತ್ತುಹಾಕಿ ಹೋಗುತ್ತಿದ್ದ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು ಎನ್ನಬೇಕು.

ಸೆಪ್ಟೆಂಬರಿನಲ್ಲಿ, ಕರಾವಳಿಯ ಕ್ರೈಸ್ತರು ಮಾತೆ ಮೊರಿಯಮ್ಮನ ಹುಟ್ಟುಹಬ್ಬವಾಗಿ ಆಚರಿಸುವ ಮೊಂತಿ ಹಬ್ಬ ಬಂತು. ಆ ವರ್ಷ ಹಬ್ಬ ಶುಕ್ರವಾರವೇ ಬಿದ್ದು ಎಲ್ಲರಿಗೂ ರಜೆ. "ಹೊಸ ಮನೆಯ ಮೊದಲ ಹಬ್ಬ, ಬರದಿದ್ರೆ ನೋಡು," ಎಂದು ಲಿಯೊನೆಲ್‌ರ ಹೆಂಡತಿ ಮೆಟಿಲ್ಡಾ ಫೋನಿನಲ್ಲೇ ಗದರಿಸಿದಳು. ಹೆಂಡತಿ ಸುಪ್ರೀತಾಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಸುಮಿತ್ ನಿಖಿತಾಳನ್ನು ಕರೆದುಕೊಂಡು ಹೋಗಿ, ಅಂಗಳದ ಕಡೆ ನೋಡದೆ ಲಿಫ್ಟ್ ಹತ್ತಿದ. ಬಾಳೆ ಎಲೆಯ ಮೇಲೆ ತರಕಾರಿ ಊಟ, ಸನ್ನ, ಪಾಯಸ. ಊಟವಾಗಿ ಮಾತಾಡುತ್ತ ಬಿಸಿಲು ಇಳಿಯಿತು. ಲಿಯೊನೆಲ್‌ರ ಎಂಟು ವರ್ಷದ ಮಗಳು ಅಲಿಶಾ ನಿಖಿತಾಳ ಕೈ ಹಿಡಿದು ಕೆಳಗೆ ಓಡಿದಳು.

"ಎಲ್ಲಿಗೆ ಅವರು?" ಎಂದ ಸುಮಿತ್.

"ಕೆಳಗೆ, ಹೂ ಹಾಕ್ಲಿಕ್ಕೆ," ಎಂದಳು ಮೆಟಿಲ್ಡಾ. "ಊರಲ್ಲಿ ನಾವು ಒಂಬತ್ತು ದಿನ ಮೊರಿಯಮ್ಮನಿಗೆ ಹೂ ಕೊಂಡೋಗ್ತಿರ್ಲಿಲ್ವಾ? ಇಲ್ಲಿಯ ಮಕ್ಕಳಿಗೂ ಗೊತ್ತಾಗ್ಲಿ ಅಂತ ಕೆಳಗೆ ಖರ್ಜೂರದ ಬುಡದಲ್ಲಿ ಸಣ್ಣ ಮೂರ್ತಿ ಇಟ್ಟಿದ್ದೇನೆ. ಎಲ್ಲ ಮಕ್ಕಳೂ ಬರ್ತಾರೆ. ಒಂದು ವಿಷಯ ಗೊತ್ತುಂಟಾ, ಆ ಮರದ ಹತ್ತಿರ ನಿಂತ್ರೆ ನಮ್ಮೂರ ಕಳ್ಳಿನದೇ ಪರಿಮಳ."

ಸುಮಿತ್ ಎದ್ದು ನಿಂತ. ಅವನು ಲಿಯೊನೆಲ್‌ರ ಕಡೆ ನೋಡಿದ. ಅವರು ಪಾಯಸದ ಬಟ್ಟಲನ್ನೇ ನೋಡುತ್ತಿದ್ದರು. ಲಿಫ್ಟಿಗೆ ಕಾಯದೆ ಸುಮಿತ್ ಮೆಟ್ಟಿಲಿಳಿದ. ಏನೋ ಆಗಿದೆಯೆಂದು ಗಂಡ ಹೆಂಡತಿ ಇಬ್ಬರೂ ಹಿಂದೆಯೇ ಬಂದರು.

ಮಕ್ಕಳು ಮರದ ಸುತ್ತ ಸೇರಿದ್ದರು. ಮೂರ್ತಿಯ ಮುಂದೆ ಬೋಗನ್‌ವಿಲ್ಲಾ ಹೂಗಳು. ಆದರೆ ಯಾರ ಗಮನವೂ ಅಲ್ಲಿರಲಿಲ್ಲ. ಅಲಿಶಾ ಮತ್ತು ನಿಖಿತಾ ಕಾಂಡವನ್ನು ತಬ್ಬಿ, ಕಿವಿಯೊತ್ತಿ, ಕಣ್ಣು ಮುಚ್ಚಿ ನಿಂತಿದ್ದರು.

"ಸುಮಿತ್ ಅಂಕಲ್, ಕಮ್ ಆಂಡ್ ಲಿಸನ್," ಎಂದು ಅಲಿಶಾ ಕೈಬೀಸಿದಳು. "ಸಮ್‌ಬಡಿ ಈಸ್ ಈಟಿಂಗ್ ಚಿಪ್ಸ್ ಇನ್‌ಸೈಡ್. ಎವ್ರಿಡೇ ಇಟ್ಸ್ ಗೆಟಿಂಗ್ ಲೌಡರ್."

ಅವನು ತಲೆಯೆತ್ತಿ ನೋಡಿದ. ಗಾಳಿಯಿಲ್ಲದಿದ್ದರೂ ಮರದ ತಲೆ ಒಂದು ಕಡೆಗೆ ವಾಲಿತ್ತು. ನಡುವಿನ ಗರಿಗಳು ಒಣಗಿ ಜಾರುಬಂಡೆಯ ಮೇಲೆ ಜೋತಿದ್ದವು.

"ನಿಖಿ, ಅಲಿಶಾ, ಎಲ್ಲರೂ ಗೇಟಿನ ಹತ್ತಿರ ಹೋಗಿ. ಓಡ್ಬೇಡಿ. ಮರ ಮುಟ್ಬೇಡಿ." ಸುಮಿತ್ ದನಿ ಏರಿಸದೆ ಹೇಳಿದ. ಮಕ್ಕಳು ಒಬ್ಬೊಬ್ಬರಾಗಿ ಸರಿದರು. ಮೂರ್ತಿ ತರಲು ಅಲಿಶಾ ಹಿಂದೆ ತಿರುಗಿದಾಗ ಅವನು ಅವಳನ್ನು ಎತ್ತಿಕೊಂಡೇ ಹೊರಗೆ ಬಂದ.

"ಎಂತಾಯ್ತು?" ಎಂದಳು ಮೆಟಿಲ್ಡಾ.

"ಮರದೊಳಗೆ ಹುಳ ಉಂಟು ಅಕ್ಕ. ಯಾವಾಗ ಬೇಕಾದ್ರೂ ಬೀಳ್ತದೆ. ನೆಡುವಾಗಲೇ ಇತ್ತು. ನಾನೇ ತೂತು ಮುಚ್ಚಿದ್ದು."

ಅವಳು ಅವನನ್ನು ಬಿಟ್ಟು ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

ಲಿಯೊನೆಲ್ ಮರದ ಬಳಿ ಹೋಗಿ, ಮಗಳು ಕಿವಿಯಿಟ್ಟಿದ್ದ ಜಾಗದಲ್ಲೇ ಕಿವಿಯಿಟ್ಟರು. ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಿಂದಕ್ಕೆ ಬಂದರು.

"ಮದ್ದು ಹಾಕಿದ್ದೆವಲ್ಲ... ಸರಿಯಾಗಿರ್ತದೆ ಅಂತ..." ಎಂದರು. ಬಳಿಕ ಸುಮಿತ್‌ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ನಮ್ಮದೇ ಆಳುಗಳನ್ನು ಕರೆಸಿ ಸದ್ದಿಲ್ಲದೆ ತೆಗೆಸುವ. ಮುನ್ಸಿಪಾಲಿಟಿಗೆ ಹೇಳಿದ್ರೆ ಕಂಪೆನಿ ಮುಚ್ತದೆ. ನಿನ್ನ ವೀಸಾ, ನನ್ನ ವೀಸಾ, ಎಲ್ಲ ಹೋಗ್ತದೆ."

"ಉಳಿದ ಹನ್ನೊಂದೂ ಅದೇ ತೋಟದ್ದು ಸರ್," ಎಂದ ಸುಮಿತ್. "ಸದ್ದಿಲ್ಲದೆ ಎಷ್ಟು ತೆಗೆಯುದು?"

ಮೆಟಿಲ್ಡಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬೈಯಲಿಲ್ಲ, ಅಳಲಿಲ್ಲ. ಫೋನನ್ನು ಗಂಡನ ಮುಂದೆ ಹಿಡಿದಳು. "ಒಂಬತ್ತು ದಿನದಿಂದ ಮಕ್ಕಳನ್ನು ಕರೆದು ಅಲ್ಲಿ ನಿಲ್ಲಿಸಿದ್ದು ನಾನು. ನೀವು ದಿನಾ ಬಾಲ್ಕನಿಯಿಂದ ನೋಡ್ತಿದ್ರಿ. ಈಗ ನೀವು ಹೇಳ್ತೀರಾ, ನಾನು ಹೇಳ್ಬೇಕಾ?"

ಲಿಯೊನೆಲ್ ಫೋನ್ ತೆಗೆದುಕೊಂಡು ಮುನ್ಸಿಪಾಲಿಟಿಗೆ ಕರೆ ಮಾಡಿದರು. ಮೊದಲು ಕಂಪೆನಿಯ ಹೆಸರು ಹೇಳಿದರು, ಆಮೇಲೆ ತಮ್ಮದು. ಹುಳವಿರುವುದು ಗೊತ್ತಿತ್ತೇ ಎಂದು ಆ ಕಡೆಯವರು ಕೇಳಿರಬೇಕು. "ಹೌದು, ಗೊತ್ತಿತ್ತು," ಎಂದರು.

ಮರುದಿನ ಬೆಳಿಗ್ಗೆ ಕ್ರೇನ್ ಬಂತು. ಮುನ್ಸಿಪಾಲಿಟಿಯವರು ಅಂಗಳಕ್ಕೆ ಪಟ್ಟಿ ಕಟ್ಟಿ ಜನರನ್ನು ದೂರ ನಿಲ್ಲಿಸಿದರು. ಬೆಲ್ಟ್ ಕಟ್ಟಿ ಎಳೆತ ಕೊಡುತ್ತಿದ್ದಂತೆ, ಬುಡ ಏಳುವ ಮೊದಲೇ ಮರ ನಡುವಿನಲ್ಲಿ ಮುರಿಯಿತು. ಮುರಿದ ಸದ್ದೂ ಹೆಚ್ಚು ಬರಲಿಲ್ಲ. ಮೇಲ್ಭಾಗ ಬೆಲ್ಟಿನಿಂದ ಜಾರಿ ಜಾರುಬಂಡೆಯ ಮೇಲೆ ಬಿದ್ದು ಅದನ್ನು ಎರಡು ಹೋಳು ಮಾಡಿತು. ಕಾಂಡದ ಒಳಗೆ ಮರವೆಂಬುದೇ ಇರಲಿಲ್ಲ. ಕೊಳೆತ ನಾರು, ಅದರಲ್ಲಿ ಹೆಬ್ಬೆರಳಿನ ಗಾತ್ರದ ಬಿಳಿಯ ಹುಳಗಳು ಬಿಸಿಲು ಬಿದ್ದೊಡನೆ ಮಿಸುಕಾಡಿದವು. ಒಬ್ಬಾಕೆ ಮಗುವಿನ ಕಣ್ಣು ಮುಚ್ಚಿದಳು.

"ಇದನ್ನು ನೆಟ್ಟವರು ಯಾರು?" ಎಂದು ಮೂರನೇ ಮಹಡಿಯ ಸಕೀನ ಕೇಳಿದಳು. ಅವಳ ಇಬ್ಬರು ಮಕ್ಕಳೂ ಅಲ್ಲಿ ಆಡುತ್ತಿದ್ದವರೇ.

"ನಾವು," ಎಂದರು ಲಿಯೊನೆಲ್. "ನಾನು ಮತ್ತು ಇವನು. ಗೊತ್ತಿದ್ದೇ ಬಿಟ್ಟದ್ದು."

ಜನ ಮೈಮೇಲೆ ಬೀಳುತ್ತಾರೆಂದು ಸುಮಿತ್ ಕಾದ. ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಸಕೀನ ಸುತ್ತಲೂ ನೋಡಿ, "ಉಳಿದ ಮರಗಳು?" ಎಂದಷ್ಟೇ ಕೇಳಿದಳು.

ಸುಮಿತ್ ಪಟ್ಟಿ ದಾಟಿ ಎರಡನೆಯ ಮರದ ಬಳಿಗೆ ನಡೆದ. ಅದರ ಗರಿಗಳು ಹಸಿರಾಗಿದ್ದವು, ಕಾಂಡ ನೆಟ್ಟಗಿತ್ತು, ಎತ್ತರ ನಾಲ್ಕು ಮೀಟರಿಗೆ ಸರಿಯಾಗಿತ್ತು. ಅವನು ಕಾಂಡವನ್ನು ತಬ್ಬಿ, ಕಣ್ಣು ಮುಚ್ಚಿ ಕಿವಿಯಿಟ್ಟ. ಕ್ರೇನಿನವನು ಇಂಜಿನ್ ಆರಿಸಿದ. ತಾಯಂದಿರು ಮಕ್ಕಳ ಬಾಯಿಗೆ ಕೈಯಿಟ್ಟರು. ಇಡೀ ಅಂಗಳ ಅವನ ಮುಖವನ್ನೇ ನೋಡುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಸುಮಿತ್ ಕಣ್ಣು ತೆರೆದು, ಬೆಲ್ಟನ್ನು ಈ ಕಡೆ ತರುವಂತೆ ಕೈಸನ್ನೆ ಮಾಡಿದ.